ಡಬ್ಬಿ ಹೋದ ದಾರಿ

ಆ ದಿನ ಬೆಳಗ್ಗೆ ಇಳಿದ ಮಂಜು ಎಂಥದೆಂದರೆ, ತನ್ನ ಮನೆಯ ಬಾಗಿಲನ್ನು ನಾಯಿಯೂ ಮೂಸಿ ಮೂಸಿ ಹುಡುಕಬೇಕಿತ್ತು. ಬೀದಿಯವರೆಲ್ಲ ಕತ್ತಿಯಣ್ಣ ಎಂದು ಕರೆಯುವ ಮಾಂಸದಂಗಡಿಯವನು ಅಂದು ಅಂಗಡಿ ತೆರೆಯಲಿಲ್ಲ. ಕೊಚ್ಚುವ ಕತ್ತಿಯನ್ನು ಹಿಡಿದು ನೇರ ಹೆಂಡತಿಯ ಅಡುಗೆಮನೆ ಹೊಕ್ಕ. ಹಲಗೆಯ ಮೇಲೆ ಅಣಬೆ ಹರವಿಕೊಂಡು ಕೂತ.

"ಆ ಕತ್ತೀನ ಬಿಸಿನೀರಲ್ಲಿ ತೊಳೆದ್ರಾ?" ಗೋಡೆಗೊರಗಿ ಕೂತಿದ್ದ ಹೆಂಡತಿ ಕೇಳಿದಳು.

"ನನ್ನ ಮದುವೆ ದಿನ ನಾನೂ ಇಷ್ಟು ಉಜ್ಜಿಕೊಂಡಿರಲಿಲ್ಲ ಕಣೇ."

"ಅಣಬೇನ ಮಾತ್ರ ತೊಳೀಬೇಡಿ, ಬಟ್ಟೇಲಿ ಒರೆಸಿ. ನೀರು ಕುಡಿದ್ರೆ ಬಾಣಲೇಲಿ ಅಳ್ತಾ ಕೂತ್ಕೊಳ್ಳುತ್ತೆ."

ಜ್ವರ ಬಿಟ್ಟು ಹೋಗುವಾಗ ಆಕೆಯ ಮೂಗನ್ನೂ ನಾಲಗೆಯನ್ನೂ ಗಂಟು ಕಟ್ಟಿಕೊಂಡು ಹೋಗಿತ್ತು. ಈಗ ಆಕೆಗೆ ಜೇನೂ ಒಂದೇ, ಮಣ್ಣೂ ಒಂದೇ. ಗುಬ್ಬಿ ಕೊಕ್ಕಿನಷ್ಟು ತಿಂದು ತಟ್ಟೆ ಸರಿಸುತ್ತಿದ್ದಳು. ಆಕೆ ಆಸೆಪಟ್ಟು ತಿನ್ನುತ್ತಿದ್ದದ್ದನ್ನೇ ಮಾಡಿಕೊಟ್ಟರೆ ನಾಲ್ಕು ತುತ್ತು ಇಳಿದೀತೆಂದು ಕತ್ತಿಯಣ್ಣ ಲೆಕ್ಕ ಹಾಕಿದ್ದ.

ಹಿಂದೆ ಹಸುಗೂಸಿನ ಉಸಿರು ಸಿಕ್ಕಿಕೊಂಡಿದ್ದಾಗ, ಮಗು ಉಳಿದರೆ ಮಾಂಸ ಮುಟ್ಟುವುದಿಲ್ಲವೆಂದು ದೇವರಿಗೆ ನುಡಿ ಕೊಟ್ಟವಳು ಆಕೆ. ಮಗು ಉಳಿಯಿತು, ನುಡಿಯೂ ಉಳಿಯಿತು. ಮಾಂಸ ಮಾರುವವನ ಒಲೆಯ ಮೇಲೇ ಮಾಂಸವಿಲ್ಲ ಎಂದು ಬೀದಿ ನಕ್ಕಿತು. ಗಂಡನ ಬಾಯಿ ಸಪ್ಪೆಯಾಗದಿರಲೆಂದು ಆಕೆ ಅಕ್ರೋಟನ್ನೂ ಅಣಬೆಯನ್ನೂ ಕೂಡಿಸಿ, ಕೊಚ್ಚಿದ ಮಾಂಸದಂಥದ್ದನ್ನೇ ಮಾಡಲು ಕಲಿತಳು. ವಾರಕ್ಕೊಮ್ಮೆ ಅದು ಡಬ್ಬಿ ತುಂಬಿ ಅಂಗಡಿಗೆ ಹೋಗುತ್ತಿತ್ತು. ಸಂಜೆ "ಹೇಗಿತ್ತು?" ಎಂದು ಕೇಳಿದರೆ "ಪರವಾಗಿಲ್ಲ" ಎನ್ನುತ್ತಿದ್ದ.

ಆದರೆ ಅವನು ಒಂದು ದಿನವೂ ಅದನ್ನು ಬಾಯಿಗಿಟ್ಟವನಲ್ಲ. ಸೊಪ್ಪುಸದೆ ಮೇಯೋಕೆ ನಾನೇನು ಮೇಕೆಯಾ ಎಂಬ ಬಿಂಕದಲ್ಲಿ, ಡಬ್ಬಿಯನ್ನು ಬಿಸಿಯಾರುವ ಮೊದಲೇ ಪಕ್ಕದಂಗಡಿಯ ದರ್ಜಿಗೆ ದಾಟಿಸಿಬಿಡುತ್ತಿದ್ದ.

ಆಕೆ ಕಿವಿಯಲ್ಲೇ ಅಡುಗೆ ನಡೆಸಿದಳು. "ಇನ್ನೂ ಗೊಣಗ್ತಿದೆ, ಅಣಬೇಲಿ ನೀರಿದೆ. ಎಣ್ಣೆ ಈಗಲೇ ಬೇಡ... ಹಾಂ, ಈಗ ಚಟಪಟ ಅಂತು. ಹುರಿದ ಅಕ್ರೋಟು ಹಾಕಿ. ಅರೆದಿಲ್ಲ ತಾನೇ? ಕೊಚ್ಚಿದ್ದೇ ಇರಬೇಕು. ಉಪ್ಪು ಕೊನೇಲಿ." ಮೂಳೆ ಕಡಿದು ಪಳಗಿದ ಕೈ ಅವಳ ಮಾತಿನ ಹಿಂದೆ ಹಿಂದೆಯೇ ನಡೆಯಿತು.

ಬಾಣಲೆ ಇಳಿಸಿದ ಮೇಲೆ ಆಕೆ ಹೇಳಿದಳು: "ನೀವು ರುಚಿ ನೋಡಿ. ಇನ್ನು ನಿಮ್ಮ ನಾಲಗೇನೇ ನನ್ನ ನಾಲಗೆ. ನಾನು ಮಾಡ್ತಿದ್ದ ಹಾಗೇ ಬಂದಿದ್ಯಾ, ಅಷ್ಟು ಹೇಳಿ ಸಾಕು. ಬಂದಿದೆ ಅಂದ್ರೆ ಆ ನೆನಪಿನ ಮೇಲೇ ತಿಂತೀನಿ." ದೇವರ ಮುಂದೆ ಕೂತವಳಂತೆ ಕಣ್ಣು ಮುಚ್ಚಿಕೊಂಡಳು.

ಕತ್ತಿಯಣ್ಣ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಹಿತವಾದ ಹೊಗೆ, ಹುರಿದ ಅಕ್ರೋಟಿನ ಜಿಡ್ಡು, ಹಲ್ಲಿಗೆ ಸಿಕ್ಕಿ ಜಾರುವ ಅಣಬೆ. ಅದು ಮಾಂಸವಾಗಿರಲಿಲ್ಲ, ಮಾಂಸವಾಗಲಿಲ್ಲವೆಂಬ ಕೊರಗೂ ಅದಕ್ಕಿರಲಿಲ್ಲ. ಇಷ್ಟು ವರ್ಷ ತಾನು ಕೈಯಾರೆ ದಾಟಿಸಿದ್ದು ಇದನ್ನೇ! ಮೊದಲಿನ ಹಾಗೇ ಇದೆಯೇ? ಯಾವ ಮೊದಲು? ಅವನ ಬಾಯಲ್ಲಿ ಆ ಮೊದಲು ಇರಲೇ ಇಲ್ಲ. ಸುಳ್ಳು ಅವನ ನಾಲಗೆಗೆ ಹೊಸದಲ್ಲ. ಆದರೂ ಆ ಮುಚ್ಚಿದ ಕಣ್ಣುಗಳೆದುರು "ಪರವಾಗಿಲ್ಲ" ಎಂಬ ಹಳೆಯ ಮಾತು ನುಂಗಲಾರದ, ಉಗುಳಲಾರದ ತುತ್ತಾಯಿತು.

"ಅಂಗಡಿ ಬೀಗ ಹಾಕಿದ್ನೋ ಇಲ್ವೋ... ನೋಡ್ಕೊಂಡು ಬಂದೆ," ಎಂದು, ಒಂದು ಬಟ್ಟಲನ್ನು ಟವೆಲ್ಲಿನಡಿ ಅಡಗಿಸಿಕೊಂಡು ಮಂಜಿನೊಳಗೆ ಇಳಿದ.

ದರ್ಜಿ ತುಟಿಯಲ್ಲಿ ಕಚ್ಚಿದ್ದ ಸೂಜಿಯನ್ನು ಅಂಗಿಗೆ ಸಿಕ್ಕಿಸಿ, ಒಂದು ತುತ್ತು ನಿಧಾನವಾಗಿ ಜಗಿದ.

"ಉಪ್ಪು ಸರಿ, ಖಾರ ಸರಿ. ಅಕ್ರೋಟು ದಪ್ಪ ಆಯ್ತಣ್ಣ. ಅತ್ತಿಗೆ ಇದಕ್ಕಿಂತ ಸಣ್ಣಗೆ ಕೊಚ್ತಿದ್ರು. ನಾನು ದವಡೆ ಹಲ್ಲು ಕೀಳಿಸಿದ ಮೇಲಂತೂ ಇನ್ನೂ ಸಣ್ಣ. ಅದ್ಯಾವ ಪುಣ್ಯವೋ!"

"ಅವಳಿಗೆ ಗೊತ್ತಾಗಬಾರದು ಕಣೋ."

"ಇಷ್ಟು ವರ್ಷ ನಾನೇನಾದ್ರೂ ಬಾಯಿ ಬಿಟ್ನಾ? ಅನ್ನ ಹಾಕಿದವರಿಗೆ 'ಚೆನ್ನಾಗಿತ್ತು ಅತ್ತಿಗೆ' ಅಂತ ಒಂದು ಮಾತು ಹೇಳೋಕೂ ನೀನು ಬಿಡಲಿಲ್ಲ. ತಿಂದದ್ದೆಲ್ಲ ಕರಗ್ತು, ಆ ಮಾತೊಂದು ಕರಗಲಿಲ್ಲ ನೋಡಣ್ಣ." ದರ್ಜಿ ಹೊಲಿಗೆ ಯಂತ್ರದ ಹಿಂದಿನಿಂದ ಡಬ್ಬಿಯೊಂದನ್ನು ತೆಗೆದ. ಮುಚ್ಚಳ ಒಂದು ಕಡೆ ನೆಗ್ಗಿತ್ತು. ಜ್ವರ ಬರುವ ಮುಂಚೆ ಆಕೆ ಕಳಿಸಿದ್ದ ಕೊನೆಯ ಡಬ್ಬಿ. "ತೊಳೆದಿಟ್ಟಿದ್ದೆ. ತಗೋ, ಅವರದು."

ಕತ್ತಿಯಣ್ಣ ಮನೆಗೆ ಬಂದು, ಬಾಣಲೆಯಲ್ಲಿದ್ದದ್ದನ್ನು ಹಲಗೆಗೆ ಸುರಿದುಕೊಂಡು ಮತ್ತೆ ಕೂತ. ಅಕ್ರೋಟನ್ನು ಸಣ್ಣಗೆ, ಇನ್ನೂ ಸಣ್ಣಗೆ ಕೊಚ್ಚಿದ. ಬಿಸಿ ಮಾಡಿ, ಡಬ್ಬಿಗೆ ತುಂಬಿ, ಹೆಂಡತಿಯ ಮಡಿಲಲ್ಲಿ ಮೆಲ್ಲನೆ ಇಟ್ಟ.

"ಈಗ ಬಂದಿದೆ. ನೀನು ಮಾಡ್ತಿದ್ದ ಹಾಗೇ," ಎಂದ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವನ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ.

ಆಕೆ ಮುಚ್ಚಳದ ನೆಗ್ಗಿನ ಮೇಲೊಮ್ಮೆ ಬೆರಳಾಡಿಸಿದಳು. ತೆರೆದು ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಜಗಿದಳು. ಇನ್ನೊಂದು ತುತ್ತು ತೆಗೆದುಕೊಂಡಳು. ಮೂರನೆಯದಕ್ಕೆ ಕೈ ಹಾಕುವಾಗ ಕಣ್ಣು ತೆರೆಯದೆಯೇ ಕೇಳಿದಳು:

"ದರ್ಜಿ ಹಲ್ಲಿಗೆ ನೋವಾಗಲಿಲ್ಲ ತಾನೇ?"