ಖಾಲಿ ಬಿಟ್ಟ ಕಾಲಂ

ಅಂಗನವಾಡಿಯ ಬಾಗಿಲಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ಮಕ್ಕಳನ್ನು ಗಮನಿಸಿ ಬರೆಯುವ ಕ್ರಮ ಕಲಿಸಲು ಬಂದಿದ್ದ ಹುಡುಗಿ ನನ್ನ ವಾರದ ಪುಸ್ತಕ ತೆರೆದಳು.

"ಟೀಚರಮ್ಮ, ನಾಲ್ಕು ವರ್ಷದ ಕೂಸನ್ನ ‘ಮಹಾ ಹಠಮಾರಿ’ ಅಂತ ಬರೆದಿದ್ದೀರಲ್ಲ? ಇದು ನೀವು ಕಂಡದ್ದಲ್ಲ, ಅಂದುಕೊಂಡದ್ದು."

"ಅಯ್ಯೋ, ದಿನಾ ಅಳ್ತಾಳೆ ಕಣವ್ವ. ಅವರಮ್ಮ ಮುದ್ದು ಮಾಡಿ ಕೆಡಿಸಿದ್ದಾಳೆ. ಈಗ ಮೇಲಿನ ಕೇರಿ ಅಂಗನವಾಡಿಗೆ ಸೇರಿಸ್ತೀನಿ, ಪತ್ರ ಕೊಡಿ ಅಂತ ಮೂರು ತಿಂಗಳಿಂದ ಪ್ರಾಣ ತಿಂತಾಳೆ. ನಾನೂ ಬಿಡೋಳಲ್ಲ, ತಿದ್ದೇ ಕಳಿಸೋದು."

ಹುಡುಗಿ ನಕ್ಕಳು. "ಯಾವ ಹೊತ್ತಿಗೆ ಅತ್ತಳು ಅಂತ ಚೆನ್ನಾಗಿ ಬರೆದಿದ್ದೀರಿ. ‘ಆಗ ಹತ್ತಿರ ಇದ್ದವರು’ ಅನ್ನೋ ಕಾಲಂ ಯಾಕೆ ಖಾಲಿ?"

"ಬೇರೆ ಯಾರೂ ಇರಲಿಲ್ವಲ್ಲ."

"ಗುರುವಾರ ಅತ್ತೇ ಇಲ್ಲ?"

"ಅವತ್ತು ನಾನು ಮೀಟಿಂಗಿಗೆ ಹೋಗಿದ್ದೆ, ಆಯಾ ಬರೆದದ್ದು. ಹಾಡು ಹೇಳಿದಳಂತೆ, ತಟ್ಟೆ ಖಾಲಿ ಮಾಡಿದಳಂತೆ..."

ಹುಡುಗಿ ಪೆನ್ನು ನನ್ನ ಮುಂದೆ ಹಿಡಿದಳು. ಅವಳ ಮುಖ ನೋಡಲಾಗಲಿಲ್ಲ.

ಉಳಿದ ಐದೂ ದಿನದ ಸಾಲಿನಲ್ಲಿ ‘ನಾನು’ ಎಂದು ಬರೆದೆ. ಆಮೇಲೆ ಒಂದು ಹಾಳೆ ತೆಗೆದು, ಆ ತಾಯಿ ಕೇಳಿದ್ದ ಪತ್ರ ಬರೆದು, ಆಯಾಳ ಕೈಯಲ್ಲಿ ಅವರ ಮನೆಗೆ ಕಳಿಸಿದೆ.