ಅಡುಗೆಮನೆಯಿಂದ ಬಂದ ಹಾಡು

ಹೋಟೆಲಿನ ಬಣ್ಣದ ದೀಪದಡಿ, ಟೇಬಲ್ಲುಗಳಿಂದ ಬಂದ ಕೋರಿಕೆ ಚೀಟಿ ನೋಡಿ ನೋಡಿ ಇಪ್ಪತ್ತು ವರ್ಷ ಪ್ರೇಮಗೀತೆ ಹಾಡಿದ್ದ ಪಂಕಜಮ್ಮನನ್ನು ಸೊಸೆ ಅಂದು ಅಡುಗೆಮನೆಯಲ್ಲೇ ಕೂರಿಸಿದ್ದಳು. ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು.

"ಅತ್ತೆ, ಹುಡುಗನ ತಾತ ಹೋಟೆಲ್ ಕಾಫೀನೂ ಮುಟ್ಟಲ್ವಂತೆ. ನಿಮ್ಮ ಹಳೇ ಕಥೆ ಗೊತ್ತಾದ್ರೆ ಸಂಬಂಧ ಮುರಿದೇಹೋಗುತ್ತೆ. ದಮ್ಮಯ್ಯ, ಬಾಯಿ ಬಿಡಬೇಡಿ."

ನಡುಮನೆಯಲ್ಲಿ ತಾತ, "ಎಲ್ಲಿ, ಒಂದು ದೇವರನಾಮ ಹೇಳಮ್ಮ" ಎಂದರು. ಪಲ್ಲವಿ ಮುಗಿಯುವಷ್ಟರಲ್ಲೇ ಹುಡುಗಿಯ ಗಂಟಲು ಕಟ್ಟಿತು. ಪಂಕಜಮ್ಮನಿಗೆ ತಡೆಯಲಾಗಲಿಲ್ಲ. ಉಳಿದದ್ದನ್ನು ಒಳಗಿನಿಂದಲೇ ಹಾಡಿ, ಕೊನೆಯ ಸಾಲನ್ನು ಹಳೆಯ ಚಾಳಿಯಂತೆ ಎಳೆದು ನಡುಗಿಸಿ ಬಿಟ್ಟರು.

"ಯಾರದು ಹಾಡಿದ್ದು?"

"ನಮ್ಮತ್ತೆ..." ಸೊಸೆ ತಡವರಿಸಿದಳು. "ಭಜನೆ ಮಂಡಳೀಲಿ ಹಾಡ್ತಾರೆ."

"ಅದಕ್ಕೇ ಅಷ್ಟು ಭಕ್ತಿ!" ಎಂದ ತಾತ ಕಣ್ಣೊರೆಸಿಕೊಂಡು, ಪೆನ್ನು ತೆಗೆದು ಪಂಚಾಂಗದಲ್ಲಿ ಏನೋ ಗುರುತು ಹಾಕುತ್ತ ಕಾಫಿ ಮುಗಿಸಿದರು.

ಬದುಕಿದೆವು ಎನ್ನುತ್ತ ಸೊಸೆ ಖಾಲಿ ಲೋಟ ಬಟ್ಟಲುಗಳನ್ನು ತಂದು ಅತ್ತೆಯ ಮುಂದಿಟ್ಟಳು. ಪಂಕಜಮ್ಮ ತಾತನ ಲೋಟವನ್ನೆತ್ತಿದರೆ, ಬಟ್ಟಲಿನಲ್ಲಿ ಪಂಚಾಂಗದ ಹಾಳೆಯ ಚೂರೊಂದು ನಾಲ್ಕಾಗಿ ಮಡಿಸಿಕೊಂಡು ಕೂತಿತ್ತು. ಬಿಡಿಸಿ ಓದಿದರು: "ಏಳನೇ ಟೇಬಲ್. ಮಾಮೂಲಿ ಹಾಡು."