ಮೂರನೇ ಸಾಲಿನ ಖಾಲಿ ಜಾಗ

ಗೋಕಾಕ ಕಡೆಯ ಒಂದು ಊರು. ಅಲ್ಲೊಬ್ಬ ನಿವೃತ್ತ ಹವಾಲ್ದಾರ್... ಮಿಲಿಟರಿ, ಪೊಲೀಸ್ ಭರ್ತಿಗೆ ಹೋಗುವ ಹುಡುಗ ಹುಡುಗಿಯರಿಗೆ ಟ್ರೇನಿಂಗ್ ಕೊಡುತ್ತಿದ್ದರು.

ಬಲು ಬಿಗಿ ಮನುಷ್ಯ. ಬೆಳಗಿನ ಓಟ ಅಂದರೆ ಮೂರು ಮೂರು ಜನರ ಸಾಲು, ಭುಜಕ್ಕೆ ಭುಜ, ಹೆಜ್ಜೆಗೆ ಹೆಜ್ಜೆ. ಸಾಲು ಡೊಂಕಾದರೆ ಅವರ ಬಾಯಿಂದ ಬರುವ ಮಾತು ಇಲ್ಲಿ ಬರೆಯುವಂಥದ್ದಲ್ಲ!

ಆದರೆ ಒಂದು ವಿಚಿತ್ರ... ಮೂರನೇ ಸಾಲಿನ ಬಲತುದಿಯ ಜಾಗ ಮಾತ್ರ ಯಾವಾಗಲೂ ಖಾಲಿ. ಅದರ ಪಕ್ಕದಲ್ಲೇ, ರಸ್ತೆಯ ಕಡೆಗೆ, ಹವಾಲ್ದಾರ್ ತಾವೇ ಓಡುತ್ತಿದ್ದರು.

"ಅದು ಅಡಿವೆಪ್ಪಂದು" ಅನ್ನುತ್ತಿದ್ದರು. ಅಡಿವೆಪ್ಪ ಯಾರು ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅಡಿವೆಪ್ಪ ಅಂದರೆ ಹವಾಲ್ದಾರರ ಜೊತೆಗೇ ಸೇನೆಗೆ ಸೇರಿದ ಗೆಳೆಯ. ಟ್ರೇನಿಂಗಿನ ದಿನಗಳಲ್ಲಿ ಒಮ್ಮೆ ರಸ್ತೆ ಓಟದಲ್ಲಿ ಎಡವಿ ಬಿದ್ದ. ಬಿದ್ದವನ ಜಾಗವನ್ನು ಹಿಂದಿನವನು ತಕ್ಷಣ ತುಂಬಬೇಕು... ಅದು ಕವಾಯತಿನ ನಿಯಮ. ಹಿಂದಿದ್ದವರು ಇವರೇ. ತುಂಬಿದರು.

ಅಡಿವೆಪ್ಪ ಎದ್ದು ಓಡಿ ಬಂದ. ಅವನ ಜಾಗ ಹೋಗಿತ್ತು. ಪಕ್ಕದಲ್ಲಿ, ರಸ್ತೆಯ ಮೇಲೆ ಓಡುತ್ತಾ ಕೇಳಿದ... "ಒಂಚೂರ ಸರಿಯೋ, ದೋಸ್ತ..."

ಕವಾಯತು ಕಲಿಸುವ ಉಸ್ತಾದರ ಕಣ್ಣು ಇವರ ಮೇಲೇ ಇತ್ತು. ಇವರು ಕೇಳಿಯೂ ಕೇಳದವರಂತೆ ಮುಂದೆ ನೋಡಿಕೊಂಡು ಓಡಿದರು.

ಹಿಂದಿನಿಂದ ಲಾರಿ ಬಂತು...

ಅಂದಿನಿಂದ ಆ ಮನುಷ್ಯನಿಗೆ ನೆಮ್ಮದಿ ಇಲ್ಲ. ಓಡುವಾಗೆಲ್ಲ ಬಲಗಿವಿಯ ಹಿಂದೆ ತಾಳ ತಪ್ಪಿದ ಹೆಜ್ಜೆಯ ಸದ್ದು. ತಿರುಗಿದರೆ ಯಾರೂ ಇಲ್ಲ. ಬರಬರುತ್ತಾ ತಿರುಗಿ ನೋಡುವುದನ್ನೇ ಬಿಟ್ಟರು.

ನಿದ್ದೆಯಲ್ಲೂ ಗೋಡೆಯತ್ತ ಸರಿದು ಸರಿದು ಮಲಗುತ್ತಿದ್ದರು. "ಯಾರಿಗೆ ಜಾಗಾ ಬಿಡಾಕತ್ತೀರಿ?" ಅಂತ ಹೆಂಡತಿ ತಮಾಷೆ ಮಾಡುತ್ತಿದ್ದಳು.

ಆ ಭಯಕ್ಕೇ ಒಂದು ಕಟ್ಟಪ್ಪಣೆ ಮಾಡಿದ್ದರು. ಓಟದಲ್ಲಿ ಬಿದ್ದವರು ಬಿದ್ದಲ್ಲೇ ಕೂರಬೇಕು. ಹಿಂದೆ ಓಡಿ ಬರಕೂಡದು. ಮರುದಿನದಿಂದ ಟ್ರೇನಿಂಗೂ ಇಲ್ಲ, ಸೀದಾ ಮನೆಗೆ! ಎಷ್ಟೋ ಮಕ್ಕಳು ಹಾಗೆ ಅಳುತ್ತಾ ಹೋಗಿದ್ದರು.

ಅಲ್ಲಿಗೆ ನೀಲವ್ವ ಅಂತ ಒಬ್ಬ ಹುಡುಗಿ ಬಂದಳು. "ಈ ಸಲ ಭರ್ತಿ ಆದ್ರ ಆತು, ಇಲ್ಲಂದ್ರ ಮದುವಿ" ಅಂತ ಮನೆಯಲ್ಲಿ ಹೇಳಿಯಾಗಿತ್ತು. ಗಂಡೂ ಗೊತ್ತಾಗಿತ್ತು.

ಒಂದು ಮುಂಜಾನೆ, ದಟ್ಟ ಮಂಜು... ಓಡುತ್ತಿದ್ದಂತೆಯೇ ಮೀನಖಂಡ ಸೆಳೆದು ನೀಲವ್ವ ಬಿದ್ದುಬಿಟ್ಟಳು. ಹಿಂದಿನವಳು ನಿಯಮದಂತೆ ಅವಳ ಜಾಗ ತುಂಬಿದಳು. ಸಾಲು ಮುಂದೆ ಸಾಗಿತು.

ಸ್ವಲ್ಪ ದೂರ ಹೋದ ಮೇಲೆ... ಬಲಗಿವಿಯ ಹಿಂದೆ ಅದೇ ತಾಳ ತಪ್ಪಿದ ಹೆಜ್ಜೆ.

ಹವಾಲ್ದಾರ್ ತಿರುಗಲಿಲ್ಲ. ಇಷ್ಟು ವರ್ಷ ಕೇಳಿದ್ದೇ ಅಲ್ಲವೇ...

ಹೆಜ್ಜೆ ಹತ್ತಿರ ಬಂತು. ಈ ಸಲ ಏದುಸಿರೂ ಕೇಳಿಸಿತು. ಹಿಂದೆ ಎಲ್ಲೋ ಕಬ್ಬಿನ ಟ್ರಾಕ್ಟರಿನ ಹಾರ್ನ್...

"ಸರ್ರ... ನಾ ಎಲ್ಲಿ ಓಡ್ಲಿರಿ?"

ತಿರುಗಿದರು. ನೀಲವ್ವ! ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಅವಳ ಹಿಂದೆ ಮಂಜಿನೊಳಗೆ ಟ್ರಾಕ್ಟರಿನ ದೀಪ.

"ಅಲ್ಲೇ ಕೂಡ್ಬೇಕು ಅಂತ ಹೇಳಿದ್ನಿಲ್ಲ! ನಿನ್ನ ಜಾಗಾ ಹೋತು!"

"ಇಲ್ಲೊಂದು ಖಾಲಿ ಐತಲ್ರೀ..."

"ಅದು ಅಡಿವೆಪ್ಪಂದು!"

"ಅಂವ ಬಂದಿಲ್ಲಲ್ರಿ ಸರ್ರ... ನಾ ಬಂದೇನ್ರಿ."

ಪಾಪ, ಅವಳಿಗೇನು ಗೊತ್ತು...

ಹವಾಲ್ದಾರ್ ಅವಳ ತೋಳು ಹಿಡಿದು ಆ ಜಾಗಕ್ಕೆ ನೂಕಿ, ತಾವೂ ಅವಳಿಗೆ ಒತ್ತಿಕೊಂಡು ಓಡಿದರು. ಟ್ರಾಕ್ಟರ್ ಹಾದುಹೋಯಿತು. ಕಬ್ಬಿನ ಗರಿ ಅವರ ಬೆನ್ನು ಸವರಿತು.

"ಥಮ್!" ಅಂತ ಕೂಗಿ ಓಟ ನಿಲ್ಲಿಸಿದರು. ರಸ್ತೆ ಬದಿಯಲ್ಲಿ ಕುಸಿದು ಕೂತು, ಅಷ್ಟೂ ಮಕ್ಕಳ ಮುಂದೆ ಬಿಕ್ಕಿ ಬಿಕ್ಕಿ ಅತ್ತರು.

"ಸತ್ತಂವಗ ಜಾಗಾ ಕಾಯ್ಕೋತ ಕುಂತು, ಬದುಕಿದ್ದವರನ್ನ ಮನಿಗಿ ಕಳಿಸೀನಲ್ಲವ್ವಾ..."

ನೀಲವ್ವ ಆ ಜಾಗದಲ್ಲೇ ಓಡಿ ಭರ್ತಿಯಾದಳು.

ಹವಾಲ್ದಾರ್ ಮಾತ್ರ ತಾವು ಮನೆಗೆ ಕಳಿಸಿದ್ದ ಮಕ್ಕಳನ್ನು ಹುಡುಕಿಕೊಂಡು ಊರೂರು ಅಲೆದರು. ಕೆಲವರು ಮರಳಿ ಬಂದರು. ಒಬ್ಬಳು ಕೂಸನ್ನು ಎತ್ತಿಕೊಂಡು ತನ್ನ ಗಂಡನ ಮನೆಯ ಬಾಗಿಲಿಗೆ ಬಂದು ನಿಂತಳು.

"ತಡಾ ಆತ್ರಿ, ಸರ್ರ..." ಅಂದಳು.

🙏

*ಹೋದವರಿಗೆ ಮನಸ್ಸಿನಲ್ಲಿ ಜಾಗ ಇದ್ದೇ ಇರುತ್ತದೆ... ಸಾಲಿನಲ್ಲಿರುವ ಜಾಗ ಹಿಂದೆ ಬಿದ್ದವರಿಗಿರಲಿ.*

ನಾವು ಬಿಟ್ಟು ಬಂದವರು ಯಾರಾದರೂ ಇನ್ನೂ ನಮ್ಮ ಹಿಂದೆ ಓಡಿ ಬರುತ್ತಿರಬಹುದಾ... ಒಮ್ಮೆಯಾದರೂ ತಿರುಗಿ ನೋಡಿದ್ದೇವಾ?